ಸ್ಪೆನ್ಸರ್ ಬಂಗಲೆಗೆ ಮೊದಲ ಸಲ ಹೊಕ್ಕವರು ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನ ಹತ್ತಿರ ಜನ ಬರುವುದು ಹಾರ್ಡ್ ಡಿಸ್ಕ್ ಕೆಟ್ಟಿದೆ ಅಂತ, ಹೋಗುವಾಗ ಕೇಳುವುದು ಗೇಮ್ ಬಗ್ಗೆ. ಅದರಲ್ಲೂ 'ರೆಸಿಡೆಂಟ್ ಈವಿಲ್' ಮೊದಲ ಭಾಗದ ಬಗ್ಗೆ ಕೇಳುವವರು ಹೆಚ್ಚು. ಕೌಂಟರ್ ಮುಂದೆ, ಒಗ್ಗರಣೆ ಮಿರ್ಚಿ ಬಂಡಿ ಹತ್ತಿರ, ಸಿಂಧನೂರು ಗಂಗಾವತಿ ಕಡೆಯಿಂದ ಬರುವ ವಾಟ್ಸಾಪ್ ಮೆಸೇಜುಗಳಲ್ಲಿ ಅವೇ ಪ್ರಶ್ನೆಗಳು ಸುತ್ತಿ ಬರುತ್ತವೆ. ಕೇಳಿದವರ ಮಾತಿನಲ್ಲೇ ಅವನ್ನು ಇಲ್ಲಿ ಇಟ್ಟಿದ್ದೇನೆ. ಬೇರೆ ಏನೂ ಹೇಳದಿದ್ದರೆ ಉತ್ತರ 2015ರ ಎಚ್‌ಡಿ ರೀಮಾಸ್ಟರ್‌ಗೆ ಸಂಬಂಧಿಸಿದ್ದು. ಕಥೆಯ ಗುಟ್ಟು ಗೊತ್ತಾಗಬಾರದು ಅನ್ನುವವರು 'ಎರಡನೇ ಸುತ್ತು' ಭಾಗಕ್ಕೆ ಮೊದಲೇ ನಿಲ್ಲಿಸಿ.

## ಶುರು ಮಾಡುವ ಮೊದಲು

ಅಣ್ಣಾ, ಇದು ದೆವ್ವದ ಗೇಮಾ ಅಥ್ವಾ ಜಾಂಬಿ ಗೇಮಾ?

ಒಳಗೆ ಇರುವುದು ಜಾಂಬಿ, ಮೈಕಟ್ಟು ದೆವ್ವದ ಮನೆಯದು. ಕಥೆ ನಡೆಯುವುದು 1998ರ ಜುಲೈನಲ್ಲಿ, ರಕೂನ್ ಸಿಟಿ ಎಂಬ ಊರಿನ ಹೊರಗಿನ ಅರ್ಕ್‌ಲೇ ಬೆಟ್ಟದ ಕಾಡಿನಲ್ಲಿ. ಕಾಣೆಯಾದ ಪೊಲೀಸ್ ತಂಡವೊಂದನ್ನು ಹುಡುಕಿ ಬಂದ ಇನ್ನೊಂದು ತಂಡದ ಮೇಲೆ ನಾಯಿಗಳು ಬೀಳುತ್ತವೆ, ಹೆಲಿಕಾಪ್ಟರ್ ಬಿಟ್ಟು ಓಡಿಹೋಗುತ್ತದೆ, ಉಳಿದವರು ಕಣ್ಣಿಗೆ ಬಿದ್ದ ಸ್ಪೆನ್ಸರ್ ಬಂಗಲೆಯೊಳಗೆ ನುಗ್ಗಿ ಬಾಗಿಲು ಹಾಕಿಕೊಳ್ಳುತ್ತಾರೆ. ಅಲ್ಲಿಂದ ಮುಂದೆ ಎಲ್ಲಾ ಬೀಗ ಹಾಕಿದ ಕೋಣೆಗಳು, ತೈಲಚಿತ್ರಗಳು, ಗಡಿಯಾರಗಳು, ಹಿಂದುಗಡೆ ಒಂದು ಸ್ಮಶಾನ. ಹೆಣ ಎದ್ದು ಓಡಾಡಲು ಕಾರಣ ವೈರಸ್ಸು, ಮಾಟವಲ್ಲ. ಆದರೂ ಆಡುವಾಗ ಹೆದರಿಸುವುದು ಜಾಂಬಿಗಿಂತ ಆ ಮನೆಯೇ. ಇದೊಂದನ್ನು ಹಿಡಿದುಕೊಂಡರೆ ಕೆಳಗಿನ ಅರ್ಧ ಪ್ರಶ್ನೆಗಳಿಗೆ ನೀವೇ ಉತ್ತರ ಹೇಳಿಕೊಳ್ಳಬಹುದು.

ರೀಮೇಕ್ ಅಂತಾರ, ರೀಮಾಸ್ಟರ್ ಅಂತಾರ, ಒಂದು, ಎರಡು, ಏಳು ಅಂತಾರ. ಯಾವುದ್ರಿಂದ ಶುರು ಮಾಡ್ಲಿ?

ಮೂಲ ಆಟ 1996ರದು. ಜಪಾನಿನ ಕ್ಯಾಪ್‌ಕಾಮ್ ಮೊದಲ ಪ್ಲೇಸ್ಟೇಷನ್‌ಗೆ ತಂದದ್ದು, ನಿರ್ದೇಶಕ ಶಿಂಜಿ ಮಿಕಾಮಿ. ಜಪಾನಿನಲ್ಲಿ ಅದರ ಹೆಸರು 'ಬಯೋಹಜಾರ್ಡ್'. ಅದನ್ನೇ ಮಿಕಾಮಿ ತಂಡ 2002ರಲ್ಲಿ ಗೇಮ್‌ಕ್ಯೂಬ್‌ಗೆ ಪೂರ್ತಿ ಹೊಸದಾಗಿ ಕಟ್ಟಿತು. ಆ 2002ರ ಆಟಕ್ಕೆ ಬಣ್ಣ ಬಳಿದು 2015ರಲ್ಲಿ ಪಿಸಿ ಮತ್ತು ಬೇರೆ ಕನ್ಸೋಲ್‌ಗಳಿಗೆ ಕೊಟ್ಟದ್ದು ಎಚ್‌ಡಿ ರೀಮಾಸ್ಟರ್. ಶುರು ಮಾಡಲು ಇದೇ ಸರಿ. 2017ರ ಏಳನೇ ಭಾಗವೂ ಒಂದು ಮನೆಯ ಕಥೆಯೇ, ಅದೂ ಒಳ್ಳೆಯ ಆಟ. ಆದರೆ ಅದು ಪಾತ್ರದ ಕಣ್ಣಿನಿಂದ ನೋಡುವ ಆಟ, ಅದರ ಹೆದರಿಕೆಯ ಜಾತಿಯೇ ಬೇರೆ. ಮೊದಲ ಭಾಗ ಮುಗಿಸಿ ಅಲ್ಲಿಗೆ ಹೋದರೆ ಅದರಲ್ಲಿ ಹಳೆಯ ಮನೆಯ ನೆರಳು ಎಲ್ಲೆಲ್ಲಿದೆ ಅಂತ ಕಾಣುತ್ತದೆ.

ನನ್ನ ಲ್ಯಾಪ್‌ಟಾಪ್‌ನ್ಯಾಗ ನಡಿತೈತೇನು? ಪೆನ್‌ಡ್ರೈವ್‌ಗೆ ಹಾಕಿ ಕೊಡ್ತೀರಾ?

ಹತ್ತು ವರ್ಷದ ಹಿಂದಿನ ಆಟ ಇದು, ಅದರ ಹಿನ್ನೆಲೆಗಳಲ್ಲಿ ಬಹುಪಾಲು ಮೊದಲೇ ಮಾಡಿಟ್ಟ ಚಿತ್ರಗಳು. ಹಾಗಾಗಿ ಈಚಿನ ಸಾಧಾರಣ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಬೇಸಿಗೆಯಲ್ಲಿ ಮಾತ್ರ ಹಾಸಿಗೆ ಮೇಲೆ ಇಟ್ಟುಕೊಂಡು ಆಡಬೇಡಿ. ನಮ್ಮೂರಿನ ಏಪ್ರಿಲ್ ಬಿಸಿಲಿಗೆ ಫ್ಯಾನ್ ಬಾಯಿ ಮುಚ್ಚಿದ ಲ್ಯಾಪ್‌ಟಾಪುಗಳು ನನ್ನ ಟೇಬಲ್ ಮೇಲೆ ಸಾಲಾಗಿ ಬಂದು ಕೂರುತ್ತವೆ.

ಪೆನ್‌ಡ್ರೈವ್ ಕಾಪಿ ಹಾಕಿಕೊಡುವುದಿಲ್ಲ. ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ವರ್ಷಕ್ಕೆ ಹಲವು ಸಲ ಇದರ ಬೆಲೆ ಇಳಿಯುತ್ತದೆ, ಯುಪಿಐನಲ್ಲೇ ಕಟ್ಟಬಹುದು. ಕಾಪಿ ಹಾಕಿಸಿಕೊಂಡವರು ಆಮೇಲೆ ವೈರಸ್ ತೆಗೆಸಲು ಕೊಡುವ ದುಡ್ಡಿನಲ್ಲಿ ಆಟವನ್ನೇ ಕೊಳ್ಳಬಹುದಿತ್ತು.

ಮನ್ಯಾಗ ಸಣ್ಣ ಹುಡುಗ್ರು ಅದಾರ. ಅವರೂ ಆಡ್ತೀವಿ ಅಂತ ಹಟ ಮಾಡ್ತಾರ. ಬಿಡಬಹುದಾ?

ಇದನ್ನಂತೂ ಬೇಡ. ಅಮೆರಿಕದ ರೇಟಿಂಗ್ ಪ್ರಕಾರ 17 ದಾಟಿದವರಿಗೆ ಅಂತಲೇ ಇದೆ, ರಕ್ತ ಧಾರಾಳ. ನಿಮ್ಮ ಹುಡುಗರು ಆಗಲೇ ಮೊಬೈಲ್‌ನಲ್ಲಿ 'ಗ್ರ್ಯಾನಿ' ಆಡಿರುತ್ತಾರೆ, ಬೇಕಾದರೆ ಕೇಳಿ ನೋಡಿ. 2017ರಲ್ಲಿ ಬಂದ ಆ ಆಟದಲ್ಲಿ ಒಬ್ಬ ಅಜ್ಜಿಯ ಮನೆಯಿಂದ ಐದು ದಿನದೊಳಗೆ ತಪ್ಪಿಸಿಕೊಳ್ಳಬೇಕು. ಅಜ್ಜಿಯ ಕಿವಿ ಬಲು ಚುರುಕು. ಕೈಯಲ್ಲಿದ್ದ ಸಾಮಾನು ನೆಲಕ್ಕೆ ಬಿತ್ತೋ, ಬಂದಳು ಅಂತಲೇ. ಮಂಚದ ಕೆಳಗೆ, ಬೀರುವಿನೊಳಗೆ ಅಡಗಬೇಕು. ಅದೂ ತೀರಾ ಚಿಕ್ಕವರಿಗೆ ಹೇಳಿದ್ದಲ್ಲ. ಆದರೆ ಅದರಲ್ಲಿ ಅಜ್ಜಿಯೇ ಇಲ್ಲದ ಪ್ರಾಕ್ಟೀಸ್ ಮೋಡ್ ಇದೆ, ದೊಡ್ಡವರು ಪಕ್ಕದಲ್ಲಿ ಕೂತು ಅದನ್ನು ಆಡಿಸಬಹುದು. ನಿಂಟೆಂಡೊ ಯಂತ್ರ ಇರುವ ಮನೆಯವರಿಗೆ 'ಲುಯಿಜೀಸ್ ಮ್ಯಾನ್ಷನ್' ಇದೆ. ದೆವ್ವಗಳನ್ನು ವ್ಯಾಕ್ಯೂಮ್ ಕ್ಲೀನರ್‌ನಿಂದ ಎಳೆದು ಹಿಡಿಯುವ ಆಟ, ಮಕ್ಕಳು ನಗುತ್ತಲೇ ಹೆದರುತ್ತಾರೆ.

ಇಂಗ್ಲಿಷ್ ಅಷ್ಟಾಗಿ ಬರಂಗಿಲ್ಲ. ಕನ್ನಡ ಮೀಡಿಯಂ ನಾನು. ಆಡಾಕ ಆಗ್ತೈತಾ?

ಆಗುತ್ತದೆ. ಕನ್ನಡ ಸಬ್‌ಟೈಟಲ್ ಇಲ್ಲ ನಿಜ. ಆದರೆ ಮಾತು ಕಡಿಮೆ, ಓದು ಹೆಚ್ಚು. ಓದಲು ಅವಸರವೂ ಇಲ್ಲ, ಕಾಗದ ಓದುವಾಗ ಆಟ ನಿಂತಿರುತ್ತದೆ. ಫೋನಿನ ಕ್ಯಾಮೆರಾ ಹಿಡಿದರೆ ಕನ್ನಡಕ್ಕೆ ತಿರುಗಿಸಿ ತೋರಿಸುವ ಆ್ಯಪ್‌ಗಳಿವೆ, ಅಷ್ಟು ಸಾಕು. ಒಗಟಿನ ಸುಳಿವಿರುವ ಕಾಗದ ಹೇಗೂ ಓದಲೇಬೇಕು. ಅದರ ಆಚೆಗೆ ಒಂದನ್ನಂತೂ ಬಿಡಬೇಡಿ: ಪ್ರಾಣಿಗಳನ್ನು ನೋಡಿಕೊಳ್ಳುತ್ತಿದ್ದ ಕೆಲಸದವನ ಡೈರಿ. ಮೊದಲ ಪುಟಗಳಲ್ಲಿ ಇಸ್ಪೀಟು ಆಡಿದ್ದು, ಯಾರು ಮೋಸ ಮಾಡಿದರು ಎಂಬ ಗೊಣಗಾಟ. ಆಮೇಲೆ ಮೈ ತುರಿಕೆ. ದಿನ ಕಳೆದಂತೆ ವಾಕ್ಯಗಳು ಗಿಡ್ಡವಾಗುತ್ತವೆ, ವ್ಯಾಕರಣ ಕಳಚುತ್ತದೆ, ಕೊನೆಯ ಬರಹದಲ್ಲಿ ಉಳಿಯುವುದು ಬಿಡಿ ಬಿಡಿ ಪದಗಳಷ್ಟೆ. ಮನುಷ್ಯ ಜಾಂಬಿ ಆಗುವುದನ್ನು ಒಂದು ಹನಿ ರಕ್ತ ತೋರಿಸದೆ ಬರೆದಿದ್ದಾರೆ. ಇಡೀ ಆಟದಲ್ಲಿ ನನಗೆ ಇಷ್ಟವಾದ ಜಾಗ ಅದು.

## ಆಡಲು ಕೂತಾಗ

ಜಿಲ್ ತಗೊಳ್ಳೋದಾ, ಕ್ರಿಸ್ ತಗೊಳ್ಳೋದಾ?

ಬಂಗಲೆಗೆ ನುಗ್ಗಿದ ತಂಡದ ಈ ಇಬ್ಬರಲ್ಲಿ ಒಬ್ಬರಾಗಿ ಆಡಬೇಕು. ಮೊದಲ ಸಲ ಜಿಲ್. ಅವಳ ಚೀಲದಲ್ಲಿ ಎಂಟು ಖಾನೆ, ಕ್ರಿಸ್‌ನದರಲ್ಲಿ ಆರು. ಅವಳ ಹತ್ತಿರ ಬೀಗ ತೆರೆಯುವ ತಂತಿ ಇರುತ್ತದೆ, ಸಣ್ಣಪುಟ್ಟ ಬೀಗಕ್ಕೆ ಕೀಲಿಕೈ ಹುಡುಕಬೇಕಿಲ್ಲ. ಕ್ರಿಸ್ ಅದಕ್ಕೆಲ್ಲ ಹಳೆಯ ಚಿಕ್ಕ ಕೀಲಿಗಳನ್ನು ಹೊತ್ತು ತಿರುಗಬೇಕು. ಬದಲಿಗೆ ಅವನು ಹೆಚ್ಚು ಏಟು ತಡೆಯುತ್ತಾನೆ, ಲೈಟರ್ ಮೊದಲಿಂದಲೇ ಅವನ ಜೇಬಲ್ಲಿರುತ್ತದೆ. ಬಾರ್‌ನಲ್ಲಿರುವ ಪಿಯಾನೋವನ್ನು ಜಿಲ್ ತಾನೇ ನುಡಿಸುತ್ತಾಳೆ. ಕ್ರಿಸ್‌ಗೆ ಬರುವುದಿಲ್ಲ, ರೆಬೆಕಾ ಎಂಬ ಹುಡುಗಿ ಅಭ್ಯಾಸ ಮಾಡಿ ನುಡಿಸಿಕೊಡುವವರೆಗೆ ಕಾಯಬೇಕು.

ಬಲಕ್ಕ ಒತ್ತಿದ್ರ ಎಡಕ್ಕ ಹೊಕ್ಕಾಳ. ಕಂಟ್ರೋಲ್ ಕೆಟ್ಟೈತೇನು?

ಕೆಟ್ಟಿಲ್ಲ. ಈ ಆಟದಲ್ಲಿ ಕ್ಯಾಮೆರಾ ಪಾತ್ರದ ಬೆನ್ನು ಹತ್ತುವುದಿಲ್ಲ. ಪ್ರತಿ ಕೋಣೆಯಲ್ಲೂ ಒಂದೊಂದು ಮೂಲೆಯಲ್ಲಿ ಕೂತು ನೋಡುತ್ತಿರುತ್ತದೆ, ನೀವು ನಾಲ್ಕು ಹೆಜ್ಜೆ ಹಾಕಿದರೆ ಇನ್ನೊಂದು ಮೂಲೆಗೆ ಹಾರುತ್ತದೆ. ಆಗ ಪರದೆಯ ಬಲ, ಎಡ ತಿರುಗುಮುರುಗು. ಹಳೆಯ ಪದ್ಧತಿಯಲ್ಲಿ 'ಮೇಲೆ' ಒತ್ತಿದರೆ ಪಾತ್ರ ತನ್ನ ಮುಖ ಇರುವ ಕಡೆ ನಡೆಯುತ್ತದೆ, ಎಡ ಬಲ ಒತ್ತಿದರೆ ನಿಂತಲ್ಲೇ ತಿರುಗುತ್ತದೆ. ಟ್ಯಾಂಕ್ ಕಂಟ್ರೋಲ್ ಅನ್ನುವುದು ಇದಕ್ಕೇ. ರೀಮಾಸ್ಟರ್‌ನಲ್ಲಿ ಹೊಸ ಪದ್ಧತಿಯೂ ಇದೆ, ಕಂಟ್ರೋಲರ್‌ನ ಕಡ್ಡಿ ತಳ್ಳಿದ ಕಡೆ ಓಡುತ್ತದೆ. ಶುರುವಿಗೆ ಹೊಸದೇ ಹಿತ. ಒಂದು ವಿಷಯ ನೆನಪಿರಲಿ: ಹೊಸ ಪದ್ಧತಿಯಲ್ಲಿ ಕ್ಯಾಮೆರಾ ಹಾರಿದ ಕ್ಷಣ ಕಡ್ಡಿ ಬಿಡಬೇಡಿ, ಒತ್ತಿ ಹಿಡಿದಿದ್ದರೆ ಹೊರಟ ದಿಕ್ಕಿಗೇ ಓಡುತ್ತದೆ. ಬಿಟ್ಟು ಮತ್ತೆ ಒತ್ತಿದರೆ ಜಾಂಬಿಯ ತೋಳಿಗೇ ಹೋಗಿ ಬೀಳುತ್ತೀರಿ. ಕೀಬೋರ್ಡಿಗಿಂತ ಕಂಟ್ರೋಲರ್ ಮೇಲು.

ಹೆದರಿಕೆಗೂ ಈ ಕ್ಯಾಮೆರಾಕ್ಕೂ ನೇರ ನಂಟಿದೆ. ತಿರುವಿನಾಚೆ ಏನೋ ಎಳೆದಾಡುವ ಸದ್ದು ಬರುತ್ತದೆ, ನಿಮ್ಮ ಪಾತ್ರ ಆ ಕಡೆಯೇ ನೋಡುತ್ತಿದೆ, ನಿಮಗೆ ಮಾತ್ರ ಕಾಣುವುದಿಲ್ಲ. ಆಗ ಕಿವಿಯೇ ಗತಿ. ಹೆಡ್‌ಫೋನ್ ಹಾಕಿಕೊಂಡು ಆಡಿ ಅನ್ನುವುದು ಅದಕ್ಕೆ.

ಕರೆಂಟ್ ಹೋತು, ಎರಡು ತಾಸು ಆಡಿದ್ದೆಲ್ಲಾ ಹೋತು. ಆಟೋಸೇವ್ ಇಲ್ಲೇನು?

ಇಲ್ಲ. ಬೇಸಿಗೆ ಬಂತೆಂದರೆ ಈ ದೂರು ವಾರಕ್ಕೊಂದು ಬರುತ್ತದೆ, ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಸೇವ್ ಮಾಡಲು ಬಂಗಲೆಯಲ್ಲಿ ಅಲ್ಲಲ್ಲಿ ಟೈಪ್‌ರೈಟರ್‌ಗಳಿವೆ. ಬರೀ ಟೈಪ್‌ರೈಟರ್ ಸಾಲದು, ಇಂಕ್ ರಿಬ್ಬನ್ ಬೇಕು. ಒಂದು ಸೇವ್‌ಗೆ ಒಂದು ರಿಬ್ಬನ್ ಖರ್ಚು. ರಿಬ್ಬನ್‌ಗಳು ಸಿಗುವುದು ಎಣಿಸಿದಷ್ಟೇ, ಅದೂ ಚೀಲದಲ್ಲಿ ಒಂದು ಖಾನೆ ತಿನ್ನುತ್ತದೆ. ಅಂದರೆ ಸೇವ್ ಕೂಡ ಗುಂಡಿನ ಹಾಗೆ ಲೆಕ್ಕದ ಸಾಮಾನು. 'ಈಗ ಮಾಡಲಾ, ಇನ್ನೊಂದು ಕೋಣೆ ನೋಡಿ ಬಂದು ಮಾಡಲಾ' ಎಂಬ ತಳಮಳವೇ ಈ ಆಟದ ಜೀವ. ಇದನ್ನು ದೋಷ ಅಂತ ಬಯ್ಯುವವರಿದ್ದಾರೆ, ನಾನು ಆ ಗುಂಪಿನವನಲ್ಲ.

ಆದರೆ ಆಟ ಮಾಡಿದವರ ಲೆಕ್ಕದಲ್ಲಿ ನಮ್ಮ ಲೋಡ್ ಶೆಡ್ಡಿಂಗ್ ಇರಲಿಲ್ಲವಲ್ಲ. ಡೆಸ್ಕ್‌ಟಾಪ್ ಇದ್ದವರು ಯುಪಿಎಸ್ ಇಲ್ಲದೆ ಕೂರಬೇಡಿ. ಹತ್ತು ನಿಮಿಷ ತಡೆಯುವ ಸಣ್ಣದಾದರೂ ಸಾಕು, ಅಷ್ಟರಲ್ಲಿ ಹತ್ತಿರದ ಟೈಪ್‌ರೈಟರ್‌ಗೆ ಓಡಬಹುದು. ಇನ್ವರ್ಟರ್ ಇದ್ದರೂ ಕೆಲವು ಮನೆಗಳಲ್ಲಿ ಅದು ಕೈ ಬದಲಿಸುವ ಅರೆಗಳಿಗೆಯಲ್ಲಿ ಪಿಸಿ ರೀಸ್ಟಾರ್ಟ್ ಆಗುತ್ತದೆ. ಅಂಥ ಇನ್ವರ್ಟರ್‌ನಲ್ಲಿ ಯುಪಿಎಸ್ ಮೋಡ್ ಎಂಬ ಸ್ವಿಚ್ ಇದೆಯಾ ನೋಡಿ. ಲ್ಯಾಪ್‌ಟಾಪಿನವರು ಸತ್ತ ಬ್ಯಾಟರಿ ಬದಲಿಸಿ. ಆಟದೊಳಗೆ ನನ್ನ ಪದ್ಧತಿ ಹೀಗೆ: ಹೊಸ ಕೀಲಿಕೈ ಸಿಕ್ಕಿದಾಗ ಒಂದು ಸೇವ್, ಹಿಂದೆಂದೂ ತೆರೆಯದ ಬಾಗಿಲುಗಳ ಕಡೆ ಹೊರಡುವ ಮೊದಲು ಒಂದು ಸೇವ್. ಸುಮ್ಮನೆ ಭಯಕ್ಕೆ ಸೇವ್ ಮಾಡಬೇಡಿ. ಸಂಜೆ ಕರೆಂಟ್ ಹೋಗುವ ಹೊತ್ತು ಊರಿಗೆಲ್ಲ ಗೊತ್ತೇ ಇರುತ್ತದೆ, ಅದಕ್ಕೆ ಮೊದಲು ಮಾತ್ರ ಧಾರಾಳವಾಗಿ ಮಾಡಿ.

ಪ್ರತಿ ಸಲ ಬಾಗಿಲು ತೆಗಿಯೋದನ್ನ ಯಾಕ ಅಷ್ಟೊತ್ತು ತೋರಿಸ್ತಾರ? ಬ್ಯಾಸರ ಬರ್ತೈತಿ.

1996ರಲ್ಲಿ ಆಟ ಇದ್ದದ್ದು ಸಿಡಿಯಲ್ಲಿ. ಮುಂದಿನ ಕೋಣೆಯನ್ನು ಸಿಡಿಯಿಂದ ಓದಿಕೊಳ್ಳಲು ಯಂತ್ರಕ್ಕೆ ಕೆಲವು ಸೆಕೆಂಡು ಬೇಕಿತ್ತು. ಖಾಲಿ ಪರದೆ ತೋರಿಸುವ ಬದಲು ಕತ್ತಲಲ್ಲಿ ಒಂದು ಬಾಗಿಲು ಕಿರುಗುಟ್ಟಿ ತೆರೆಯುವುದನ್ನು ತೋರಿಸಿದರು. ಈಗಿನ ಯಂತ್ರಕ್ಕೆ ಅದರ ಅಗತ್ಯ ಅಷ್ಟಾಗಿ ಇಲ್ಲ, ಉಳಿಸಿಕೊಂಡದ್ದು ಹೆದರಿಕೆಗಾಗಿ. 2002ರಲ್ಲಿ ಅದರ ಮೇಲೂ ಒಂದು ಆಟ ಆಡಿದ್ದಾರೆ: ಬಾಗಿಲು ತೆರೆಯುವ ಆ ಹೊತ್ತಿನಲ್ಲಿ ನೀವು ಕ್ಷೇಮ ಅಂತ ಅಂದುಕೊಂಡಿರುತ್ತೀರಿ, ಆದರೆ ಈ ಸಲ ಕೆಲವು ಜಾಂಬಿಗಳು ಬಾಗಿಲು ದಾಟಿ ಹಿಂದೆಯೇ ಬರುತ್ತವೆ.

## ಬಂಗಲೆಯೊಳಗೆ

ಗುಂಡು ಸಾಲ್ವಲ್ದು. ಎಲ್ಲಾ ಜಾಂಬಿನೂ ಕೊಲ್ಲಬೇಕಾ?

ಕೊಲ್ಲಬೇಕಿಲ್ಲ, ಕೊಲ್ಲಲು ಹೋದರೆ ಗುಂಡು ಸಾಲುವುದೂ ಇಲ್ಲ. ಒಂದು ಓಣಿಯಲ್ಲಿ ದಿನಕ್ಕೆ ಹತ್ತು ಸಲ ಓಡಾಡುತ್ತೀರಿ ಅಂದರೆ ಅಲ್ಲಿಯದನ್ನು ಮುಗಿಸಿ. ಒಮ್ಮೆ ಹೋಗಿ ಬರುವ ಕೋಣೆಯಾದರೆ ಪಕ್ಕಕ್ಕೆ ಎಳೆದು ನುಣುಚಿಕೊಳ್ಳಿ. ಅದು ಎರಡು ಕೈ ಚಾಚಿ ಒಂದು ಗೋಡೆಗೆ ಹತ್ತಿರವಾಗಲಿ, ನೀವು ಇನ್ನೊಂದು ಗೋಡೆಗೆ ಆತು ಓಡಿ. ಹಿಡಿದುಕೊಂಡರೆ ಬಿಡಿಸಿಕೊಳ್ಳಲು ಸಣ್ಣ ಚಾಕು ಸಿಗುತ್ತವೆ, ಅದಕ್ಕೇ ಬಳಸಿ. ಊಟದ ಮನೆಯ ಪಕ್ಕದ ಓಣಿಯಲ್ಲಿ ಸಿಗುವ ಮೊದಲ ಜಾಂಬಿಯನ್ನೇ ನೋಡಿ. ನೆಲಕ್ಕೆ ಕೂತು ಹೆಣ ತಿನ್ನುತ್ತಿರುತ್ತದೆ, ನಿಧಾನಕ್ಕೆ ಕತ್ತು ಹೊರಳಿಸಿ ನಿಮ್ಮ ಕಡೆ ನೋಡುತ್ತದೆ. ಎಲ್ಲರೂ ಅಲ್ಲಿ ಪಿಸ್ತೂಲು ಖಾಲಿ ಮಾಡುತ್ತಾರೆ. ಜಿಲ್ ಆಗಿದ್ದರೆ ಸುಮ್ಮನೆ ಊಟದ ಮನೆಗೆ ವಾಪಸ್ ಓಡಿ, ಅಲ್ಲಿ ನಿಂತ ಜೊತೆಗಾರ ಬ್ಯಾರಿ ತನ್ನ ಗುಂಡಿನಲ್ಲಿ ಕೆಲಸ ಮುಗಿಸುತ್ತಾನೆ.

ಸತ್ತು ಬಿದ್ದಿದ್ದು ಕೆಂಪಗಾಗಿ ಎದ್ದು ಓಡಿ ಬಂತಲ್ಲ! ಇದೇನಣ್ಣ ಅನ್ಯಾಯ?

ಅದು ಕ್ರಿಮ್ಸನ್ ಹೆಡ್. 1996ರ ಆಟದಲ್ಲಿ ಇರಲಿಲ್ಲ, 2002ರಲ್ಲಿ ಸೇರಿಸಿದರು. ಹಳೆಯ ಆಟ ಬಾಯಿಪಾಠ ಮಾಡಿದವರಿಗೂ ಅಂಗೈ ಬೆವರಲಿ ಅಂತ. ಬಿದ್ದ ಜಾಂಬಿಯ ತಲೆ ಉಳಿದಿದ್ದರೆ, ಹೆಣ ಸುಡದಿದ್ದರೆ, ಕೆಲ ಹೊತ್ತಿನ ಮೇಲೆ ಉಗುರು ಬೆಳೆಸಿಕೊಂಡು ಎದ್ದು ಓಡಿ ಬರುತ್ತದೆ.

ತಡೆಯಲು ದಾರಿ ಎರಡು. ಹತ್ತಿರಕ್ಕೆ ಬರಲು ಬಿಟ್ಟು ಶಾಟ್‌ಗನ್ ಮೇಲ್ಮುಖ ಹಿಡಿದು ತಲೆಗೇ ಹೊಡೆಯುವುದು ಒಂದು. ಸೀಮೆಎಣ್ಣೆ ಸುರಿದು ಲೈಟರ್ ಹಚ್ಚುವುದು ಇನ್ನೊಂದು. ಎಣ್ಣೆ ತುಂಬಿಕೊಳ್ಳಲು ಬಾಟಲಿ ಸಿಗುತ್ತದೆ, ಒಮ್ಮೆ ತುಂಬಿದರೆ ಎರಡು ಹೆಣಕ್ಕೆ ಆಗುತ್ತದೆ, ಡಬ್ಬಗಳು ಬಂಗಲೆಯ ಕೆಲವೇ ಜಾಗಗಳಲ್ಲಿವೆ. ಜಿಲ್ ಆಗಿದ್ದರೆ ಲೈಟರ್ ಹುಡುಕಿ ಒಯ್ಯಬೇಕು, ಅಂದರೆ ಬಾಟಲಿ ಮತ್ತು ಲೈಟರ್ ಸೇರಿ ಎರಡು ಖಾನೆ ಹೋಯಿತು. ಕೊಂದರೆ ಸುಡುವ ಖರ್ಚು, ಬಿಟ್ಟರೆ ತಪ್ಪಿಸಿಕೊಳ್ಳುವ ಖರ್ಚು. ಎಲ್ಲವನ್ನೂ ಸುಡಲು ಎಣ್ಣೆ ಇಲ್ಲ. ಎರಡನೇ ಮಹಡಿಯ ಓಣಿಗಳು, ಸೇವ್ ಕೋಣೆಯ ದಾರಿ, ಮುಖ್ಯ ಮೆಟ್ಟಿಲಿಗೆ ಹೋಗುವ ದಾರಿಗಳು, ಇವಕ್ಕೆ ಎಣ್ಣೆ ಇಟ್ಟುಕೊಳ್ಳಿ.

ಎಲ್ಲಿ ಹೋಗ್ಬೇಕು ಅನ್ನೋದೇ ತಿಳಿವಲ್ದು. ಸುತ್ತಿದಲ್ಲೇ ಸುತ್ತಾಕತ್ತೀನಿ.

ನನ್ನ ಹತ್ತಿರ ಬರುವವರಲ್ಲಿ ಆಟ ಅರ್ಧಕ್ಕೆ ಬಿಟ್ಟವರು ಬಹುತೇಕ ಇಲ್ಲೇ ಬಿಟ್ಟವರು, ಜಾಂಬಿಗೆ ಹೆದರಿ ಅಲ್ಲ.

ಆಟದೊಳಗಿನ ನಕ್ಷೆ ನೋಡುವ ಅಭ್ಯಾಸ ಮಾಡಿಕೊಳ್ಳಿ. ಒಂದು ಕೋಣೆ ಹಸಿರಾಗಿದ್ದರೆ ಅಲ್ಲಿ ಎತ್ತಿಕೊಳ್ಳಬೇಕಾದ ಎಲ್ಲವನ್ನೂ ಎತ್ತಿಕೊಂಡಿದ್ದೀರಿ, ಮತ್ತೆ ಹುಡುಕುವ ಕೆಲಸ ಇಲ್ಲ. ಹಸಿರಾಗದ ಕೋಣೆಯಲ್ಲಿ ಇನ್ನೂ ಏನೋ ಉಳಿದಿದೆ. ಬಂಗಲೆಯ ಬಾಗಿಲುಗಳಿಗೆ ಮುಖ್ಯವಾಗಿ ನಾಲ್ಕು ಕೀಲಿಕೈ: ಕತ್ತಿ, ಕವಚ, ಗುರಾಣಿ, ಶಿರಸ್ತ್ರಾಣದ ಗುರುತಿನವು. ಒಂದು ಕೀಲಿಕೈಯ ಬಾಗಿಲುಗಳೆಲ್ಲ ತೆರೆದಾದ ಮೇಲೆ ಆಟವೇ 'ಇದು ಇನ್ನು ಬೇಡ, ಎಸೆಯಲಾ' ಅಂತ ಕೇಳುತ್ತದೆ. ಹಾಗೆ ಕೇಳಿಲ್ಲ ಅಂದರೆ ಆ ಗುರುತಿನ ಬಾಗಿಲೊಂದು ಎಲ್ಲೋ ಮುಚ್ಚಿಕೊಂಡೇ ಇದೆ.

ಇದಕ್ಕಿಂತ ಮೇಲಾದ ಉಪಾಯ ಒಂದು ನೋಟ್‌ಬುಕ್ಕು. ಮಧ್ಯದಲ್ಲಿ ದೊಡ್ಡ ಹಾಲ್ ಬರೆದುಕೊಳ್ಳಿ, ಎಡಕ್ಕೆ ಊಟದ ಮನೆ, ಬಲಕ್ಕೆ ಇನ್ನೊಂದು ರೆಕ್ಕೆ. ಬಾಗಿಲು ಸಿಕ್ಕಿದಂತೆಲ್ಲ ಗೆರೆ ಎಳೆಯಿರಿ, ಬೀಗ ಇದ್ದರೆ ಅದರ ಗುರುತು, ಗೋಡೆಯಲ್ಲಿ ಏನಾದರೂ ಇಡಲು ಗುಂಡಿ ಇದ್ದರೆ ಅದರ ಆಕಾರ. ಊಟದ ಮನೆಯ ಬೆಂಕಿಗೂಡಿನ ಮೇಲೆ ಮರದ ಲಾಂಛನ ಇದೆ, ಬಾರ್‌ನ ಪಿಯಾನೋ ನುಡಿಸಿದಾಗ ತೆರೆಯುವ ಗುಪ್ತ ಕೋಣೆಯಲ್ಲಿ ಅದೇ ಆಕಾರದ ಚಿನ್ನದ್ದು ಇದೆ. ಚಿನ್ನದ್ದನ್ನು ಸುಮ್ಮನೆ ಕಿತ್ತರೆ ಗೋಡೆ ಮುಚ್ಚಿಕೊಳ್ಳುತ್ತದೆ. ಎರಡನ್ನೂ ಕಾಗದದ ಮೇಲೆ ಅಕ್ಕಪಕ್ಕ ಬರೆದವನಿಗೆ ಅದಲು ಬದಲು ಮಾಡಬೇಕು ಅಂತ ಹೊಳೆದೇ ಹೊಳೆಯುತ್ತದೆ. ಯೂಟ್ಯೂಬ್ ನೋಡಿ ಮಾಡಿದರೆ ಚಿನ್ನ ಸಿಗುತ್ತದೆ, ಮನೆ ಪರಿಚಯ ಆಗುವುದಿಲ್ಲ. ನೋಟ್‌ಬುಕ್ಕಿನಲ್ಲಿ ಒಂದು ರೆಕ್ಕೆ ತುಂಬುವ ಹೊತ್ತಿಗೆ ಯಾವ ಬಾಗಿಲಿನಿಂದ ಯಾವ ಬಾಗಿಲಿಗೆ ಅಂತ ಕಾಲು ತಾನೇ ಹೋಗುತ್ತದೆ. ಆಮೇಲೆ ಗುಂಡೂ ಉಳಿಯುತ್ತದೆ, ರಿಬ್ಬನ್ನೂ ಉಳಿಯುತ್ತದೆ, ಯಾಕೆಂದರೆ ವೃಥಾ ತಿರುಗಾಟವೇ ಇಲ್ಲ.

ಚೀಲ ಯಾವಾಗ್ಲೂ ಫುಲ್. ಏನು ಬಿಡೋದು, ಏನು ಒಯ್ಯೋದು?

ಸೇವ್ ಕೋಣೆಗಳಲ್ಲಿ ಪೆಟ್ಟಿಗೆ ಇದೆ. ಒಂದರಲ್ಲಿ ಇಟ್ಟದ್ದು ಎಲ್ಲಾ ಪೆಟ್ಟಿಗೆಗಳಲ್ಲೂ ಸಿಗುತ್ತದೆ, ಹೇಗೆ ಅಂತ ಕೇಳಬೇಡಿ. ಹೊರಡುವಾಗ ಒಂದು ಆಯುಧ, ಅದರ ಗುಂಡು, ಒಂದು ಔಷಧಿ, ಬೇಕಾದ ಕೀಲಿಕೈ. ಉಳಿದ ಖಾನೆಗಳು ಖಾಲಿ ಇರಲಿ, ದಾರಿಯಲ್ಲಿ ಸಿಗುವುದಕ್ಕೆ.

ಹಸಿರು, ಕೆಂಪು, ನೀಲಿ ಗಿಡ ಸಿಗ್ತಾವಲ್ಲ, ಯಾವುದು ಯಾವುದಕ್ಕ?

ಹಸಿರು ಗಾಯಕ್ಕೆ. ಕೆಂಪು ಒಂಟಿಯಾಗಿ ಯಾವ ಕೆಲಸಕ್ಕೂ ಬಾರದು, ಹಸಿರಿನ ಜೊತೆ ಸೇರಿಸಿದರೆ ಪೂರ್ತಿ ಗುಣ. ನೀಲಿ ವಿಷಕ್ಕೆ, ಜೇಡಗಳು ಕಚ್ಚಿದಾಗ ಬೇಕಾಗುತ್ತದೆ. ಬೇರೆ ಬೇರೆ ಇಟ್ಟುಕೊಳ್ಳದೆ ಕೂಡಿಸಿಬಿಡಿ, ಖಾನೆ ಉಳಿಯುತ್ತದೆ.

ಗೋಡೆ ಮ್ಯಾಲಿನ ಶಾಟ್‌ಗನ್ ತಗೊಂಡೆ. ಪಕ್ಕದ ರೂಮಿಗೆ ಬಂದ್ರ ಮಾಳಿಗಿನ ಕೆಳಗೆ ಇಳ್ಯಾಕತ್ತೈತಿ!

ಅದು ತೂಕದ ಕೀಲು. ಗೋಡೆಯ ಕೊಂಡಿಯಿಂದ ಬಂದೂಕು ಎತ್ತಿದರೆ ಪಕ್ಕದ ಕೋಣೆಯ ಬಾಗಿಲುಗಳು ಬೀಗ ಬಿದ್ದು ಚಾವಣಿ ಇಳಿಯುತ್ತದೆ. ಜಿಲ್ ಆಗಿದ್ದರೆ ಬ್ಯಾರಿ ಬಾಗಿಲು ಒಡೆದು ಎಳೆದುಕೊಳ್ಳುತ್ತಾನೆ. ಕ್ರಿಸ್‌ಗೆ ಆ ಭಾಗ್ಯ ಇಲ್ಲ. ಬಂಗಲೆಯಲ್ಲೇ ಮುರಿದ ಶಾಟ್‌ಗನ್ ಒಂದು ಬಿದ್ದಿರುತ್ತದೆ, ಅದನ್ನು ತಂದು ಕೊಂಡಿಗೆ ಹಾಕಿ ಒಳ್ಳೆಯದನ್ನು ಎತ್ತಿಕೊಂಡರೆ ಚಾವಣಿ ಮಿಸುಕುವುದಿಲ್ಲ.

## ಎರಡನೇ ಸುತ್ತು

ಅಟ್ಟದಾಗಿನ ಹಾವನ್ನ ಕೊಲ್ಲಲೇಬೇಕಾ?

ಮೊದಲ ಭೇಟಿಯಲ್ಲಿ ಬೇಕಿಲ್ಲ. ನಿಮಗೆ ಬೇಕಾದದ್ದು ಅಲ್ಲಿರುವ ಮುಖವಾಡ, ಅದನ್ನು ಎತ್ತಿಕೊಂಡು ಬಂದ ದಾರಿಗೆ ಓಡಿ. ಕಚ್ಚಿತು ಅಂದರೆ ಗಿಡಮೂಲಿಕೆ ನೆಚ್ಚಬೇಡಿ, ವಿಷ ಇಳಿಸುವ ಸೀರಮ್ ಬೇಕು. ಕಾಣೆಯಾದ ತಂಡದ, ಗಾಯಗೊಂಡು ಬಿದ್ದ ರಿಚರ್ಡ್‌ಗೂ ಅದೇ ಸೀರಮ್. ಅವನಿಗೆ ತಡಮಾಡದೆ ತಂದುಕೊಟ್ಟರೆ ಮುಂದೆ ಒಮ್ಮೆ ಅವನು ಆ ಋಣ ತೀರಿಸುತ್ತಾನೆ. ಇಂಥ ಮುಖವಾಡ ಒಟ್ಟು ನಾಲ್ಕು, ಸ್ಮಶಾನದ ಕೆಳಗಿನ ನೆಲಮಾಳಿಗೆಯಲ್ಲಿ ಇಡಬೇಕು. ನಾಲ್ಕನೆಯದನ್ನು ಇಡುವ ಮೊದಲು ಶಾಟ್‌ಗನ್ ಕೈಯಲ್ಲಿರಲಿ. ಅಲ್ಲಿ ತೂಗಾಡುತ್ತಿರುವ ಶವಪೆಟ್ಟಿಗೆ ಖಾಲಿ ಇಲ್ಲ.

ಹೊರಗಿನ ಮನಿಗೆ ಹೋಗಿ ವಾಪಸ್ ಬಂದೆ. ಬಂಗಲೆ ಕ್ಲಿಯರ್ ಮಾಡಿದ್ದೆ, ಈಗ ಬ್ಯಾರೆ ಏನೋ ಅದಾವ?

ಹಂಟರ್‌ಗಳು. ಶಿರಸ್ತ್ರಾಣದ ಕೀಲಿಕೈ ಹಿಡಿದು ಮರಳುವ ಹೊತ್ತಿಗೆ ಅವು ಬಂಗಲೆಗೆ ನುಗ್ಗಿರುತ್ತವೆ, ಜಾಂಬಿಯ ಹಾಗೆ ತೂರಾಡುವುದಿಲ್ಲ, ಹಾರಿ ಕುತ್ತಿಗೆಗೇ ಬರುತ್ತವೆ. ಈ ಆಟದ ದೊಡ್ಡ ಜಾಣತನ ಇಲ್ಲಿದೆ. ನಿಮ್ಮದೇ ಮನೆ ಎಂಬಷ್ಟು ಪರಿಚಯವಾದ ಜಾಗಕ್ಕೆ ನಿಮ್ಮನ್ನು ಮತ್ತೆ ಕರೆತಂದು, ಓಣಿಗಳನ್ನು ಹಾಗೇ ಬಿಟ್ಟು, ಒಳಗಿರುವವರನ್ನು ಮಾತ್ರ ಬದಲಿಸಿದ್ದಾರೆ. ನೋಟ್‌ಬುಕ್ಕು ಈಗ ದುಡಿಯುತ್ತದೆ. ಉಳಿದಿರುವ ಬಾಗಿಲುಗಳಿಗೆ ಅತಿ ಗಿಡ್ಡ ದಾರಿ ಯಾವುದು ನೋಡಿಕೊಂಡು ಹೊರಡಿ. ಜಿಲ್‌ಗೆ ಸಿಗುವ ಗ್ರೆನೇಡ್ ಲಾಂಚರ್‌ನ ಗುಂಡುಗಳನ್ನು ಅಲ್ಲಿಯವರೆಗೆ ಮುಟ್ಟದೆ ಇಟ್ಟುಕೊಂಡಿರಬೇಕು.

ಕೈಗೆ ಬೇಡಿ ಹಾಕ್ಕೊಂಡಾಕಿ ಎಷ್ಟು ಹೊಡೆದ್ರೂ ಸಾಯವಲ್ಲಳು.

ಗುಂಡಿನಿಂದ ಸಾಯುವವಳಲ್ಲ, ಖರ್ಚು ಮಾಡಬೇಡಿ, ಓಡಿ. ಲೀಸಾ ಟ್ರೆವರ್ ಅವಳ ಹೆಸರು, ಈ ಬಂಗಲೆಯ ವಿಚಿತ್ರ ಬಾಗಿಲು, ಬೀಗಗಳನ್ನೆಲ್ಲ ರೂಪಿಸಿದ ವಾಸ್ತುಶಿಲ್ಪಿ ಜಾರ್ಜ್ ಟ್ರೆವರ್‌ನ ಮಗಳು. 2002ರ ಆಟದಲ್ಲಿ ಸೇರಿಸಿದ ಕಥೆ ಇದು. ಆ ಮನೆತನದವರ ಕಾಗದಗಳನ್ನು ಓದುತ್ತಾ ಹೋದರೆ ಅವಳ ಮೇಲಿನ ಭಯ ಕರಗಿ ಕರುಳು ಚುರ್ ಅನ್ನುತ್ತದೆ. ಇಡೀ ಬಂಗಲೆಯಲ್ಲಿ ನಿಜವಾದ ದೆವ್ವದ ಕಥೆ ಅಂತ ಇದ್ದರೆ ಅದೊಂದೇ.

ಬೇಗ ಮುಗಿಸಿದ್ರ ಏನೋ ಸಿಗ್ತೈತಂತಲ್ಲ? ಎಂಡಿಂಗ್ ಎಷ್ಟದಾವ?

ಐದು ತಾಸಿನೊಳಗೆ ಮುಗಿಸಿದರೆ ಗುಂಡು ಮುಗಿಯದ ಪಿಸ್ತೂಲು, ಮೂರು ತಾಸಿನೊಳಗಾದರೆ ಮುಗಿಯದ ರಾಕೆಟ್ ಲಾಂಚರ್. ತೀರಾ ಸುಲಭದ ಹಂತದಲ್ಲಿ ಆಡಿ ಇವನ್ನು ನಿರೀಕ್ಷಿಸಬೇಡಿ. ಕೊನೆಗೆ ಯಾರು ಯಾರನ್ನು ಬದುಕಿಸಿಕೊಂಡಿರಿ ಎಂಬುದರ ಮೇಲೆ ಮುಕ್ತಾಯ ಬದಲಾಗುತ್ತದೆ. ಸೆರೆಯಲ್ಲಿರುವ ಜೊತೆಗಾರರನ್ನು ಬಿಡಿಸಲು ಎಂಒ ಡಿಸ್ಕ್ ಎಂಬ ಮೂರು ಕಂಪ್ಯೂಟರ್ ಡಿಸ್ಕ್ ಹುಡುಕಿರಬೇಕು. ಇನ್ನೂ ಕಷ್ಟ ಬೇಕು ಅನ್ನುವವರಿಗೆ 'ರಿಯಲ್ ಸರ್ವೈವಲ್' ಇದೆ, ಅದರಲ್ಲಿ ಒಂದು ಪೆಟ್ಟಿಗೆಯಲ್ಲಿ ಇಟ್ಟದ್ದು ಅಲ್ಲೇ ಇರುತ್ತದೆ. ಶತ್ರುಗಳೇ ಕಣ್ಣಿಗೆ ಕಾಣದ ಇನ್ನೊಂದು ಮೋಡ್ ಕೂಡ ಇದೆ. ಸದ್ದಷ್ಟೇ ಕೇಳಿ ಗುರಿ ಇಡಬೇಕು. ಹುಚ್ಚು ಹಿಡಿದವರಿಗೆ ಮಾತ್ರ.

## ಇನ್ನೂ ಆಳಕ್ಕೆ ಹೋಗುವವರಿಗೆ

ದೆವ್ವದ ಮನಿ ಗೇಮ್‌ನ ಮೊದಲು ಮಾಡಿದ್ದು ಇವರೇನಾ?

ಅಲ್ಲ, ಇವರು ನಡುವೆ ಬಂದವರು. 1980ರಲ್ಲೇ ಅಮೆರಿಕದ ರೊಬರ್ಟಾ ಮತ್ತು ಕೆನ್ ವಿಲಿಯಮ್ಸ್ ದಂಪತಿ ಆ್ಯಪಲ್ ಕಂಪ್ಯೂಟರಿಗೆ 'ಮಿಸ್ಟರಿ ಹೌಸ್' ಮಾಡಿದ್ದರು. ಬರೀ ಗೆರೆಗಳ ಚಿತ್ರ, ಏನು ಮಾಡಬೇಕು ಅಂತ ಟೈಪ್ ಮಾಡಬೇಕು. 1982ರ ಅಟಾರಿಯ 'ಹಾಂಟೆಡ್ ಹೌಸ್'ನಲ್ಲಿ ಕತ್ತಲೆಯಲ್ಲಿ ನೀವೆಂದರೆ ಎರಡು ಕಣ್ಣು ಅಷ್ಟೆ. ಬೆಂಕಿಕಡ್ಡಿ ಗೀರಿ ಒಡೆದ ಕಲಶದ ಮೂರು ಚೂರು ಹುಡುಕಬೇಕು.

ನಮ್ಮ ಬಂಗಲೆಯ ನೇರ ಪೂರ್ವಜರು ಇಬ್ಬರು. 1989ರಲ್ಲಿ ಜಪಾನಿನಲ್ಲಷ್ಟೇ ಬಂದ ಕ್ಯಾಪ್‌ಕಾಮ್‌ನದೇ 'ಸ್ವೀಟ್ ಹೋಮ್' ಒಂದು. ಐದು ಜನ ಹಾಳು ಬಂಗಲೆಗೆ ಹೋಗುತ್ತಾರೆ, ಸತ್ತವರು ಸತ್ತಂತೆಯೇ, ಸಾಮಾನು ಹೊರಲು ಜಾಗ ಇಲ್ಲ, ಗೋಡೆಗಳಲ್ಲಿ, ಕಾಗದಗಳಲ್ಲಿ ಸುಳಿವು. ಅದನ್ನು ನಿರ್ದೇಶಿಸಿದ ತೊಕುರೊ ಫುಜಿವಾರಾ ಅವರೇ ಮುಂದೆ ಮಿಕಾಮಿಗೆ ಈ ಕೆಲಸ ಒಪ್ಪಿಸಿದ್ದು, ಅದನ್ನೇ ಹೊಸ ಯಂತ್ರಕ್ಕೆ ಮತ್ತೆ ಕಟ್ಟುವ ಯೋಚನೆಯಿಂದ. ಇನ್ನೊಂದು 1992ರ ಫ್ರೆಂಚ್ ಆಟ 'ಅಲೋನ್ ಇನ್ ದ ಡಾರ್ಕ್', ಫ್ರೆಡರಿಕ್ ರೇನಾಲ್ ಅವರದು. ನಿಂತಲ್ಲೇ ನಿಂತ ಕ್ಯಾಮೆರಾ, ಚಿತ್ರದ ಮೇಲೆ ಓಡಾಡುವ ಮೂರು ಆಯಾಮದ ಪಾತ್ರ, ಎಲ್ಲಾ ಅಲ್ಲಿದೆ. ಅದು ಶುರುವಾಗುವುದು ಡೆರ್ಸೆಟೋ ಎಂಬ ಬಂಗಲೆಯ ಅಟ್ಟದಲ್ಲಿ. ಬಂದ ತಕ್ಷಣ ಬೀರುವನ್ನು ತಳ್ಳಿ ಕಿಟಕಿಗೆ ಅಡ್ಡ ಇಟ್ಟರೆ ಹೊರಗಿನ ಪ್ರಾಣಿ ಒಳಗೆ ಬರುವುದೇ ಇಲ್ಲ. ಬಂದೂಕಿಗಿಂತ ಮೊದಲು ಪೀಠೋಪಕರಣ ನೋಡು ಎಂಬ ಪಾಠ ಅಷ್ಟು ಹಿಂದೆಯೇ ಇತ್ತು.

ನಮ್ಮ ಕಡೆ ವಾಡೇದಾಗ ಇಂಥಾ ಗೇಮ್ ಮಾಡಾಕ ಬರ್ತೈತೇನು? ನಾನು ಡಿಪ್ಲೊಮಾ ಮಾಡಾಕತ್ತೀನಿ.

ಬರುತ್ತದೆ, ಮಾಡಲೇಬೇಕು. ಕೊಪ್ಪಳ ರಾಯಚೂರು ಕಡೆಯ ಹಳೆಯ ವಾಡೆಯೊಂದಕ್ಕೆ ಹೋಗಿ ಟೇಪು ಹಿಡಿದು ಅಳೆಯಿರಿ. ಬಗ್ಗಿ ದಾಟಬೇಕಾದ ಬಾಗಿಲು, ಒಳಗಿನಿಂದ ಹಾಕುವ ಅಗಳಿ, ಪಡಸಾಲೆ, ಅದರಾಚೆ ಬೆಳಕೇ ಬಾರದ ನಡುಮನೆ, ಮಾಳಿಗೆಯ ಬೆಳಕಿಂಡಿಯಿಂದ ನೆಲಕ್ಕೆ ಬೀಳುವ ಒಂದೇ ಒಂದು ಕೋಲು ಬಿಸಿಲು. ಹೊತ್ತು ಸರಿದಂತೆ ಆ ಬಿಸಿಲು ಗೋಡೆ ಹತ್ತುತ್ತದೆ, ಅದೇ ನಿಮ್ಮ ಆಟದ ಗಡಿಯಾರ ಆಗಬಹುದು. ಇಂಗ್ಲಿಷ್ ಬಂಗಲೆಯ ಬೆಂಕಿಗೂಡು, ಪಿಯಾನೋ ಎರವಲು ತರಬೇಡಿ.

ಹಗೇವನ್ನಂತೂ ಬಿಡಬೇಡಿ. ಜೋಳ ತುಂಬುವ ಆ ನೆಲದೊಳಗಿನ ಕಣಜವನ್ನು ಬಹಳ ದಿನ ಮುಚ್ಚಿಟ್ಟು ತೆರೆದರೆ ಒಳಗೆ ಉಸಿರಾಡುವ ಗಾಳಿ ಇರುವುದಿಲ್ಲ. ಇಳಿಯುವ ಮೊದಲು ಹಗ್ಗಕ್ಕೆ ದೀಪ ಕಟ್ಟಿ ಬಿಟ್ಟು ನೋಡುವುದು ಹಿರಿಯರ ಪದ್ಧತಿ, ದೀಪ ಆರಿದರೆ ಯಾರೂ ಇಳಿಯುವುದಿಲ್ಲ. ಆಟದಲ್ಲಿ ದೀಪದ ಎಣ್ಣೆ ಲೆಕ್ಕದ್ದು ಅಂತ ಇಟ್ಟು ನೋಡಿ. ಕೀಲಿಕೈ ಹಗೇವಿನ ತಳದಲ್ಲಿದೆ. ಪರೀಕ್ಷೆಗೆ ಎಣ್ಣೆ ಸುಡುತ್ತೀರೋ, ನಡುಮನೆ ದಾಟಲು ಉಳಿಸಿಕೊಳ್ಳುತ್ತೀರೋ? ಯಾವ ದೆವ್ವವೂ ಬೇಕಿಲ್ಲ.

ಸಾಧನದ ಮಾತು. ಗೇಮ್ ಕಟ್ಟುವ ಸಾಫ್ಟ್‌ವೇರ್ ಗೊಡೋ ಎಂಜಿನ್ ಉಚಿತ, ಸಾಧಾರಣ ಯಂತ್ರದಲ್ಲೂ ಓಡುತ್ತದೆ. 2023ರಲ್ಲಿ ಬಂದ ಅದರ 4ನೇ ಆವೃತ್ತಿಯಿಂದ ಈಚೆಗೆ ಕನ್ನಡದ ಒತ್ತಕ್ಷರಗಳು ಒಡೆಯದೆ ಮೂಡುತ್ತವೆ. ಅಕ್ಷರಕ್ಕೆ ನೋಟೋ ಸಾನ್ಸ್ ಕನ್ನಡ, ತಲೆಬರಹಕ್ಕೆ ಬಲೂ ತಮ್ಮ, ಎರಡೂ ಉಚಿತ. ಮೊದಲು ಇಡೀ ವಾಡೆ ಕಟ್ಟಲು ಹೋಗಬೇಡಿ. ಎರಡು ಕೋಣೆ, ನಡುವೆ ಒಂದು ಬಾಗಿಲು, ಒಂದು ಅಗಳಿ, ಕತ್ತಲಲ್ಲಿ ಒಂದು ಸದ್ದು. ಅಷ್ಟು ಮಾಡಿ ಪೆನ್‌ಡ್ರೈವ್‌ನಲ್ಲಿ ತನ್ನಿ. ಆ ಪೆನ್‌ಡ್ರೈವನ್ನು ಮಾತ್ರ ನನ್ನ ಯಂತ್ರಕ್ಕೆ ಹಾಕಲು ಬಿಡುತ್ತೇನೆ.